ಮನೆಯಲ್ಲಿ ಕಟ್ಟಿದ ಎಸ್‌ಎಂಪಿಎಸ್ ಸುಡುತ್ತಿದ್ದರೆ: ಬಿಸಿಯ ಮೂಲ ಹುಡುಕುವ ಬಗೆ

ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯ ಹುಡುಗ ನನ್ನ ಅಂಗಡಿಗೆ ತಗಡಿನ ಡಬ್ಬಿಯೊಂದನ್ನು ತಂದಿಟ್ಟ. "ಅಣ್ಣಾ, ಡಬ್ಬಿ ಮುಟ್ಟಕಾಗಲ್ಲ, ಸುಡ್ತೈತಿ. ಒಳಗಿಂದ ಏನೋ ವಾಸ್ನೆ ಬೇರೆ ಬರ್ತೈತಿ" ಅಂದ. ಆರು ತಿಂಗಳ ಹಿಂದೆ ಅದನ್ನು ಕಟ್ಟಿಕೊಟ್ಟವನು ನಾನೇ. ಭಟ್ಟಿಯ ಬ್ಲೋವರ್ ತಿರುಗಿಸಲು 24 ವೋಲ್ಟ್, 4 ಆಂಪಿಯರ್ ಕೊಡುವ ಫ್ಲೈಬ್ಯಾಕ್ ಎಸ್‌ಎಂಪಿಎಸ್ ಅದು: ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು, ಟ್ರಾನ್ಸ್‌ಫಾರ್ಮರಿನಲ್ಲಿ ಶಕ್ತಿ ತುಂಬಿ ಔಟ್‌ಪುಟ್ಟಿಗೆ ಬಿಡುವ ಪವರ್ ಸಪ್ಲೈ. ಡಿಸೆಂಬರಿನಲ್ಲಿ ಟೇಬಲ್ ಮೇಲೆ ತೆರೆದಿಟ್ಟು ನೋಡಿದಾಗ ಸರಿಯಾಗಿಯೇ ಇತ್ತು. ಕರೆಂಟನ್ನು ಆನ್-ಆಫ್ ಮಾಡುವ ಮಾಸ್‌ಫೆಟ್ ಟ್ರಾನ್ಸಿಸ್ಟರ್ ಕಾಯುತ್ತಿದೆ ಎಂದು ದೊಡ್ಡ ಹೀಟ್‌ಸಿಂಕ್ ಹಾಕಿ ಕಳಿಸಿದೆ. ಎರಡು ವಾರಕ್ಕೆ ಮತ್ತೆ ಬಂತು. ಒಳಗೆ ಸಣ್ಣ ಫ್ಯಾನ್ ಕೂರಿಸಿದೆ. ಮೂರನೆಯ ಸಲ ಬಂದಾಗ ಮಾಸ್‌ಫೆಟ್ ಸತ್ತೇ ಹೋಗಿತ್ತು. ಆಮೇಲೆ ಎರಡು ದಿನ ಬೇರೆ ಕೆಲಸ ಬಿಟ್ಟು ಕೂತು, ಒಂದೊಂದೇ ಭಾಗವನ್ನು ಅಳೆದು ನೋಡಿದೆ.

ಆಗ ಮನಸ್ಸಿನಲ್ಲಿ ನಿಂತ ವಿಷಯ ಒಂದೇ: ಬಿಸಿ ಕಾಣುವ ಜಾಗ ಬೇರೆ, ಬಿಸಿ ಹುಟ್ಟುವ ಕಾರಣ ಬೇರೆ. ಮಾಸ್‌ಫೆಟ್ ಸುಡುತ್ತಿದ್ದರೆ ತಪ್ಪು ಟ್ರಾನ್ಸ್‌ಫಾರ್ಮರಿನ ಸುತ್ತುಗಳಲ್ಲಿ ಇರಬಹುದು, ವೋಲ್ಟೇಜಿನ ಏಟು ಹೀರುವ ಸ್ನಬ್ಬರಿನಲ್ಲಿ ಇರಬಹುದು. ಹೀಟ್‌ಸಿಂಕ್ ಬಿಸಿಯನ್ನು ಹೊರಗೆ ಸಾಗಿಸುತ್ತದೆ, ಕಾರಣವನ್ನು ತೆಗೆಯುವುದಿಲ್ಲ. ಆ ಡಬ್ಬಿಯನ್ನೇ ಮುಂದಿಟ್ಟುಕೊಂಡು ಕ್ರಮವಾಗಿ ಬರೆಯುತ್ತೇನೆ. ನಿಮ್ಮದು ಬೇರೆ ವೋಲ್ಟೇಜಿನದಾಗಿದ್ದರೂ ಹುಡುಕುವ ದಾರಿ ಇದೇ.

ಕೈ ಹಾಕುವ ಮೊದಲು

230 ವೋಲ್ಟ್ ಎಸಿಯನ್ನು ಡಿಸಿ ಮಾಡಿದರೆ ದೊಡ್ಡ ಕೆಪ್ಯಾಸಿಟರಿನಲ್ಲಿ 325 ವೋಲ್ಟ್ ನಿಲ್ಲುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಅಲ್ಲೇ ಇರುತ್ತದೆ. ಸ್ಕ್ರೂ ಡ್ರೈವರಿನಿಂದ ಶಾರ್ಟ್ ಮಾಡಿ ಕಿಡಿ ಹಾರಿಸುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ದಯವಿಟ್ಟು ಬಿಡಿ, ಕೆಪ್ಯಾಸಿಟರೂ ಹಾಳು, ಕಣ್ಣಿಗೂ ಅಪಾಯ. 2.2 ಕಿಲೋಓಮ್, 10 ವ್ಯಾಟಿನ ಒಂದು ರೆಸಿಸ್ಟರಿಗೆ ಚೆನ್ನಾಗಿ ಇನ್ಸುಲೇಟ್ ಆದ ಎರಡು ಪ್ರೋಬ್ ಬೆಸೆದು ಇಟ್ಟುಕೊಳ್ಳಿ. 150 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಅದರ ಮೂಲಕ ಎರಡು ಸೆಕೆಂಡಿನಲ್ಲಿ ಖಾಲಿಯಾಗುತ್ತದೆ. ನಂತರ ಮೀಟರ್ ಹಿಡಿದು ಸೊನ್ನೆ ಕಂಡ ಮೇಲಷ್ಟೇ ಕೈ ಹಾಕಿ.

ರಿಪೇರಿ ಮಾಡಿದ ಬೋರ್ಡಿಗೆ ಮೊದಲ ಸಲ ಕರೆಂಟು ಕೊಡುವಾಗ 60 ಅಥವಾ 100 ವ್ಯಾಟಿನ ಹಳೇ ತಂತಿ ಬಲ್ಬನ್ನು ಸೀರೀಸಿನಲ್ಲಿ ಹಾಕಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಮುಂದುವರಿಯಬಹುದು. ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಲೋಡ್ ಹಾಕಿ ಅಳೆಯುವಾಗ ಮಾತ್ರ ಈ ಬಲ್ಬ್ ತೆಗೆಯಬೇಕು. ಇಲ್ಲದಿದ್ದರೆ ಒಳಬರುವ ವೋಲ್ಟೇಜ್ ಬಿದ್ದು ಅಳತೆಗಳೆಲ್ಲ ಸುಳ್ಳಾಗುತ್ತವೆ.

ಆಸಿಲೋಸ್ಕೋಪ್ ಇದ್ದವರಿಗೆ ಒಂದು ಮಾತು. ಅದರ ಗ್ರೌಂಡ್ ಕ್ಲಿಪ್ಪು ಅರ್ಥಿಂಗಿಗೆ ಸೇರಿರುತ್ತದೆ. ಪ್ರೈಮರಿ (ಟ್ರಾನ್ಸ್‌ಫಾರ್ಮರಿನ ಲೈನ್ ಬದಿ) ಕಡೆಯ ಗ್ರೌಂಡು ಅರ್ಥಿಂಗ್ ಅಲ್ಲ, ಅದು ಲೈನಿನದೇ ಭಾಗ. ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಅಥವಾ ಡಿಫರೆನ್ಷಿಯಲ್ ಪ್ರೋಬ್ ಇಲ್ಲದೆ ಅಲ್ಲಿ ಕ್ಲಿಪ್ ಹಾಕಬೇಡಿ. ಮಾಸ್‌ಫೆಟ್ಟಿನ ಲೋಹದ ಬೆನ್ನು ಅದರ ಡ್ರೇನ್, ಅಂದರೆ ಕರೆಂಟು ಒಳಬರುವ ಕಾಲು. ಚಾಲೂ ಇದ್ದಾಗ ಅದರ ಮೇಲೆ ನೂರಾರು ವೋಲ್ಟ್ ಕುಣಿಯುತ್ತಿರುತ್ತದೆ. ಬಿಸಿ ಎಷ್ಟಿದೆ ಎಂದು ಬೆರಳಿಟ್ಟು ನೋಡುವ ಮಾತೇ ಬೇಡ.

ಬಿಸಿಯನ್ನು ಅಳೆದು ಬರೆಯಿರಿ

ಇನ್‌ಫ್ರಾರೆಡ್ ಥರ್ಮಾಮೀಟರ್ ಸುಲಭ, ಆದರೆ ಹೊಳೆಯುವ ಅಲ್ಯೂಮಿನಿಯಂ ಅದಕ್ಕೆ ಮೋಸ ಮಾಡುತ್ತದೆ. ಹೀಟ್‌ಸಿಂಕ್ 90 ಡಿಗ್ರಿ ಇದ್ದರೂ ಮೀಟರ್ 45 ತೋರಿಸಬಹುದು. ಅಳೆಯುವ ಜಾಗಕ್ಕೆ ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಅದರ ಮೇಲೆ ಗುರಿಯಿಡಿ. ಮಲ್ಟಿಮೀಟರಿನ ಜೊತೆ ಬರುವ ಕೆ-ಟೈಪ್ ಥರ್ಮೊಕಪಲ್ ಇನ್ನೂ ನಂಬಿಕಸ್ಥ. ಪ್ಲಗ್ ಕಿತ್ತಿರುವಾಗಲೇ ಬಿಸಿ ತಡೆಯುವ ಕ್ಯಾಪ್ಟನ್ (Kapton) ಟೇಪಿನ ಮೇಲೆ ಅದನ್ನು ಕೂರಿಸಿ, ಚಾಲೂ ಮಾಡಿದ ಮೇಲೆ ಮೀಟರನ್ನು ಮುಟ್ಟದೆ ಓದಿ.

ಬರೆದಿಡಬೇಕಾದದ್ದು ಬರೀ ಡಿಗ್ರಿಯಲ್ಲ, ಕೋಣೆಯ ಉಷ್ಣತೆಗಿಂತ ಎಷ್ಟು ಏರಿದೆ ಎಂಬ ಲೆಕ್ಕ. ನಾನು ತಪ್ಪಿದ್ದು ಇಲ್ಲೇ. ಡಿಸೆಂಬರಿನಲ್ಲಿ ಅಂಗಡಿಯೊಳಗೆ 24 ಡಿಗ್ರಿ. ಹೀಟ್‌ಸಿಂಕ್ 74 ತೋರಿಸಿತು, ನೆಮ್ಮದಿಯಾಗಿ ಕಳಿಸಿದೆ. ಅಂದರೆ ಏರಿಕೆ 50. ಏಪ್ರಿಲ್ ಮಧ್ಯಾಹ್ನ ದಾವಣಗೆರೆಯಲ್ಲಿ ನೆರಳಿನಲ್ಲೇ 38–39 ಡಿಗ್ರಿ ಆಗುತ್ತದೆ. ತಗಡಿನ ಶೀಟಿನ ಕೆಳಗೆ, ಭಟ್ಟಿಯ ಪಕ್ಕ, ಮುಚ್ಚಿದ ಡಬ್ಬಿಯೊಳಗೆ ಗಾಳಿಯೇ 60 ದಾಟಿರುತ್ತದೆ. ಅದಕ್ಕೆ 50 ಸೇರಿಸಿ ನೋಡಿ.

ಯಾವಾಗ ಕಾಯುತ್ತದೆ ಎಂಬುದೂ ಸುಳಿವು ಕೊಡುತ್ತದೆ. ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ ಸುಡುವುದು ಸಣ್ಣ ಭಾಗಗಳು: ಸ್ನಬ್ಬರ್ ರೆಸಿಸ್ಟರ್, ಡಯೋಡ್, ಹೀಟ್‌ಸಿಂಕ್ ಇಲ್ಲದ ಮಾಸ್‌ಫೆಟ್. ಟ್ರಾನ್ಸ್‌ಫಾರ್ಮರ್ ತನ್ನ ಪೂರ್ತಿ ಬಿಸಿಗೆ ಬರಲು ಅರ್ಧ ಗಂಟೆಗೂ ಹೆಚ್ಚು ಬೇಕು. ಹತ್ತು ನಿಮಿಷ ನೋಡಿ "ಪರವಾಗಿಲ್ಲ" ಅನ್ನಬೇಡಿ.

ಎಷ್ಟು ವ್ಯಾಟ್ ಸೋರುತ್ತಿದೆ

ಪ್ಲಗ್ಗಿಗೆ ಹಾಕುವ ವ್ಯಾಟ್ ಮೀಟರ್ ಒಂದಿದ್ದರೆ ಅರ್ಧ ಕೆಲಸ ಮುಗಿದಂತೆ. ಲೋಡಿಗೆ ನಾನು ಬಳಸುವುದು ಲಾರಿಯ 24 ವೋಲ್ಟ್ ಬಲ್ಬುಗಳನ್ನು. ಹೆದ್ದಾರಿ ಪಕ್ಕದ ಆಟೊಮೊಬೈಲ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. 21 ವ್ಯಾಟಿನವು ನಾಲ್ಕು, 5 ವ್ಯಾಟಿನವು ಎರಡು ಹಾಕಿದರೆ 94 ವ್ಯಾಟ್. ಹತ್ತಿರ ಹತ್ತಿರ 4 ಆಂಪಿಯರ್. ತಣ್ಣಗಿರುವ ಫಿಲಮೆಂಟು ಮೊದಲ ಕ್ಷಣ ಹತ್ತು ಪಟ್ಟಿನಷ್ಟು ಕರೆಂಟು ಎಳೆಯುವುದರಿಂದ ಒಂದೊಂದಾಗಿಯೇ ಸೇರಿಸಿ.

ನನ್ನ ಡಬ್ಬಿ 96 ವ್ಯಾಟ್ ಕೊಡಲು 128 ವ್ಯಾಟ್ ಎಳೆಯುತ್ತಿತ್ತು. 32 ವ್ಯಾಟ್ ಬರೀ ಬಿಸಿ! ಸಣ್ಣ ಸೋಲ್ಡರಿಂಗ್ ಐರನ್ ಒಂದನ್ನು ಡಬ್ಬಿಯೊಳಗೆ ಹಾಕಿ ಮುಚ್ಚಿಟ್ಟ ಹಾಗೆ. ಇಷ್ಟು ಗಾತ್ರದ ಫ್ಲೈಬ್ಯಾಕಿಗೆ 85 ಪರ್ಸೆಂಟ್ ದಕ್ಷತೆ ಸಿಗಬೇಕು, ಅಂದರೆ ಸೋರಿಕೆ 17 ವ್ಯಾಟಿನ ಆಸುಪಾಸು. ಉಳಿದ 15 ವ್ಯಾಟ್ ಎಲ್ಲಿ ಹೋಗುತ್ತಿದೆ ಎಂಬುದೇ ಹುಡುಕಬೇಕಾದ ಪ್ರಶ್ನೆ.

ಮೊದಲು ಲೋಡ್ ಇಲ್ಲದೆ

ಲೋಡ್ ಇಲ್ಲದಾಗ ಇದು ಎರಡು–ಮೂರು ವ್ಯಾಟಿಗಿಂತ ಹೆಚ್ಚು ಎಳೆಯಬಾರದು. ಖಾಲಿಯಿರುವಾಗಲೇ ಏನಾದರೂ ಸುಡುತ್ತಿದ್ದರೆ ಅದು ವೋಲ್ಟೇಜಿಗೆ ಸಂಬಂಧಿಸಿದ ದೋಷ. ಲೋಡ್ ಹಾಕಿದಾಗ ಮಾತ್ರ ಸುಡುತ್ತಿದ್ದರೆ ಕರೆಂಟಿಗೆ ಸಂಬಂಧಿಸಿದ್ದು. ಈ ಒಂದು ಪರೀಕ್ಷೆಯಿಂದ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ.

ಖಾಲಿಯಲ್ಲಿ ಕಾಯುವವರಲ್ಲಿ ಮೊದಲಿಗ ಸ್ಟಾರ್ಟ್-ಅಪ್ ರೆಸಿಸ್ಟರ್. ಮಾಸ್‌ಫೆಟ್ಟನ್ನು ನಡೆಸುವ ಯುಸಿ3842 ಐಸಿಗೆ ಶುರುವಾಗಲು 16 ವೋಲ್ಟ್ ಮತ್ತು 1 ಮಿಲಿಆಂಪಿಯರಿಗಿಂತ ಕಡಿಮೆ ಕರೆಂಟು ಸಾಕು. 47 ಕಿಲೋಓಮ್ ಒಂದನ್ನೇ ಹಾಕಿದರೆ ಅದರಲ್ಲಿ ಎರಡು ವ್ಯಾಟ್ ಸುಡುತ್ತದೆ. ಅದೇ 47 ಕಿಲೋಓಮ್ ಎರಡನ್ನು ಸೀರೀಸಿನಲ್ಲಿ ಹಾಕಿ: ಒಟ್ಟು ಒಂದು ವ್ಯಾಟ್, ಇಬ್ಬರೂ ಹಂಚಿಕೊಳ್ಳುತ್ತಾರೆ, ವೋಲ್ಟೇಜೂ ಇಬ್ಬಾಗವಾಗುತ್ತದೆ.

ಎರಡನೆಯದು ಮಾಸ್‌ಫೆಟ್ಟಿನ ಡ್ರೇನ್–ಸೋರ್ಸ್ ನಡುವಿನ ಆರ್‌ಸಿ (ರೆಸಿಸ್ಟರ್–ಕೆಪ್ಯಾಸಿಟರ್) ಸ್ನಬ್ಬರ್. ಕೆಲವರು ಗದ್ದಲ ಕಡಿಮೆಯಾಗಲಿ ಎಂದು ಅಲ್ಲಿ 1 ನ್ಯಾನೊಫ್ಯಾರಡ್ ಹಾಕುತ್ತಾರೆ. ಆ ಕೆಪ್ಯಾಸಿಟರ್ 400 ವೋಲ್ಟಿಗೂ ಮೇಲೆ ಸೆಕೆಂಡಿಗೆ 70 ಸಾವಿರ ಸಲ ತುಂಬಿ ಖಾಲಿಯಾದರೆ ಹತ್ತು ವ್ಯಾಟಿಗೂ ಹೆಚ್ಚು ಸುಡಬಲ್ಲದು. 100 ಪಿಕೊಫ್ಯಾರಡಿಗೆ ಇಳಿಸಿದರೆ ಹತ್ತನೇ ಒಂದು ಪಾಲು. ಎರಡನ್ನೂ ಸರಿಪಡಿಸಿದ ಮೇಲೂ ಖಾಲಿಯಲ್ಲಿ ಟ್ರಾನ್ಸ್‌ಫಾರ್ಮರ್ ಕಾಯುತ್ತಿದ್ದರೆ ಒಳಗೆ ಎರಡು ಸುತ್ತು ಒಂದಕ್ಕೊಂದು ತಾಗಿರುವ ಅನುಮಾನ. ಎನಾಮಲ್ ಕೆರೆದ ತಂತಿ ಸಿಕ್ಕರೆ ಆಶ್ಚರ್ಯವಿಲ್ಲ.

ಮಾಸ್‌ಫೆಟ್: ಲೆಕ್ಕ ಹಾಕಿ, ಆಮೇಲೆ ದೂರಿ

ನನ್ನ ಸರ್ಕ್ಯೂಟಿನ ಅಂಕಿಗಳು: ಪ್ರೈಮರಿ 400 ಮೈಕ್ರೊಹೆನ್ರಿ, 70 ಕಿಲೋಹರ್ಟ್ಸ್, ಪೂರ್ತಿ ಲೋಡಿನಲ್ಲಿ ಶಿಖರ ಕರೆಂಟು ಸುಮಾರು 2.8 ಆಂಪಿಯರ್. ಬಿಸಿಯ ಲೆಕ್ಕಕ್ಕೆ ಬೇಕಾದ ಆರ್‌ಎಂಎಸ್ (ಪರಿಣಾಮಕಾರಿ ಮೌಲ್ಯ) ತೆಗೆದರೆ 0.85 ಆಂಪಿಯರ್ ಕೂಡ ಆಗುವುದಿಲ್ಲ. ಮಾಸ್‌ಫೆಟ್ಟಿನ ಆನ್-ರೆಸಿಸ್ಟೆನ್ಸ್ 0.75 ಓಮ್ ಎಂದುಕೊಳ್ಳಿ, ಕಾದಾಗ ಅದು ದುಪ್ಪಟ್ಟಾಗುತ್ತದೆ ಎಂದೇ ಹಿಡಿಯಿರಿ. ಆದರೂ ಒಂದು ವ್ಯಾಟಿನ ಮೇಲೆ ಸ್ವಲ್ಪ. ಒಂದು ವ್ಯಾಟಿನ ಭಾಗ ಅಂಗೈಯಗಲದ ಹೀಟ್‌ಸಿಂಕನ್ನು ಸುಡುವಷ್ಟು ಕಾಯಿಸುತ್ತದೆ ಎಂದರೆ ಬಿಸಿ ಆ ರೆಸಿಸ್ಟೆನ್ಸಿನಿಂದ ಬರುತ್ತಿಲ್ಲ. ಈ ಲೆಕ್ಕ ಮೊದಲೇ ಹಾಕಿದ್ದರೆ ಭಟ್ಟಿಯ ಹುಡುಗ ಮೂರು ಸಲ ಬರಬೇಕಾಗಿರಲಿಲ್ಲ.

ನಾನು ಹಾಕಿದ್ದು ಐಆರ್‌ಎಫ್840. ಅದರ ತಡೆ 500 ವೋಲ್ಟ್. ಫ್ಲೈಬ್ಯಾಕಿನಲ್ಲಿ ಮಾಸ್‌ಫೆಟ್ ಆಫ್ ಆದಾಗ 325 ವೋಲ್ಟಿನ ಮೇಲೆ ಸ್ನಬ್ಬರಿನ 200 ವೋಲ್ಟ್ ಸೇರುತ್ತದೆ, ಒಟ್ಟು 525. ರಾತ್ರಿ ಲೋಡ್ ಇಳಿದು ಲೈನ್ 260 ಆದರೆ 568. ಪ್ರತಿ ಸೈಕಲಿನಲ್ಲೂ ಮಾಸ್‌ಫೆಟ್ ತನ್ನ ಮಿತಿ ಮೀರಿ, ಆ ಶಕ್ತಿಯನ್ನು ತನ್ನ ಮೈಯಲ್ಲೇ ಸುಡುತ್ತಿತ್ತು. ಎರಡು ಮಾಸ್‌ಫೆಟ್ ಸರದಿಯಂತೆ ದುಡಿಯುವ ಹಾಫ್ ಬ್ರಿಡ್ಜಿನಲ್ಲಿ ಐಆರ್‌ಎಫ್840 ಒಳ್ಳೆಯ ಆಳು, 230 ವೋಲ್ಟಿನ ಫ್ಲೈಬ್ಯಾಕಿಗೆ ಅಲ್ಲ. ಇಲ್ಲಿ 650 ವೋಲ್ಟಿನದು ಬೇಕು, 800 ಸಿಕ್ಕರೆ ಇನ್ನೂ ಒಳ್ಳೆಯದು.

ಮಾಸ್‌ಫೆಟ್ಟನ್ನು ತೆರೆದು ಮುಚ್ಚುವ ಕಾಲಾದ ಗೇಟನ್ನೂ ನೋಡಿ. ಗೇಟ್ ರೆಸಿಸ್ಟರ್ 10ರಿಂದ 22 ಓಮ್ ಇರಲಿ. ಅಲ್ಲಿ 100 ಓಮ್ ಇದ್ದರೆ ಮಾಸ್‌ಫೆಟ್ ನಿಧಾನವಾಗಿ ತೆರೆದು ನಿಧಾನವಾಗಿ ಮುಚ್ಚುತ್ತದೆ, ಆ ನಡುವಿನ ಹೊತ್ತೆಲ್ಲ ಬಿಸಿ. 3842 ಸಿಗಲಿಲ್ಲ ಎಂದು 3843 ಕೂರಿಸಿದ್ದೀರಾ? 3842 ತನ್ನ ಸಪ್ಲೈ 10 ವೋಲ್ಟಿಗೆ ಇಳಿದರೆ ನಿಂತುಬಿಡುತ್ತದೆ. 3843 ಮಾತ್ರ 7.6 ವೋಲ್ಟಿನ ತನಕ ಎಳೆಯುತ್ತದೆ. ಐಸಿಗೆ ಸಪ್ಲೈ ಕೊಡುವ ಆಕ್ಸಿಲರಿ ಸುತ್ತು ಕಡಿಮೆಯಾಗಿದ್ದರೆ ಗೇಟಿಗೆ ಎಂಟೇ ವೋಲ್ಟ್ ಸಿಕ್ಕು ಮಾಸ್‌ಫೆಟ್ ಪೂರ್ತಿ ತೆರೆಯದೆ ಕಾಯುತ್ತದೆ.

ಫ್ರೀಕ್ವೆನ್ಸಿ ನೀವು ಅಂದುಕೊಂಡಷ್ಟೇ ಇದೆಯೇ ಎಂದೂ ಖಚಿತ ಮಾಡಿಕೊಳ್ಳಿ. 1.72 ಅನ್ನು ಟೈಮಿಂಗ್ ರೆಸಿಸ್ಟರ್ ಮತ್ತು ಕೆಪ್ಯಾಸಿಟರಿನ ಗುಣಲಬ್ಧದಿಂದ ಭಾಗಿಸಿದರೆ ಸಿಗುತ್ತದೆ: 11 ಕಿಲೋಓಮ್, 2.2 ನ್ಯಾನೊಫ್ಯಾರಡಿಗೆ 71 ಕಿಲೋಹರ್ಟ್ಸ್.

ಸ್ನಬ್ಬರ್ ರೆಸಿಸ್ಟರ್ ಕಪ್ಪಾಗಿದ್ದರೆ ಟ್ರಾನ್ಸ್‌ಫಾರ್ಮರ್ ನೋಡಿ

ಆರ್‌ಸಿಡಿ (ರೆಸಿಸ್ಟರ್–ಕೆಪ್ಯಾಸಿಟರ್–ಡಯೋಡ್) ಸ್ನಬ್ಬರಿನ 2 ವ್ಯಾಟ್ ರೆಸಿಸ್ಟರ್ ಸುಟ್ಟು ಬೋರ್ಡನ್ನೂ ಕಂದು ಮಾಡಿತ್ತು. ಇಂಥ ಕಡೆ 5 ವ್ಯಾಟಿನದು ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ಬಿಸಿಯ ತವರು ಟ್ರಾನ್ಸ್‌ಫಾರ್ಮರಿನ ಲೀಕೇಜ್ ಇಂಡಕ್ಟನ್ಸ್, ಅಂದರೆ ಪ್ರೈಮರಿಯಿಂದ ಸೆಕೆಂಡರಿಗೆ ದಾಟದೆ ಉಳಿಯುವ ಪಾಲು. ಸೆಕೆಂಡರಿ (ಔಟ್‌ಪುಟ್ ಬದಿಯ ಸುತ್ತು) ತುದಿಗಳನ್ನು ಶಾರ್ಟ್ ಮಾಡಿ ಪ್ರೈಮರಿಯನ್ನು ಇಂಡಕ್ಟನ್ಸ್ ಅಳೆಯುವ ಎಲ್‌ಸಿಆರ್ ಮೀಟರಿನಲ್ಲಿ ಅಳೆಯಿರಿ, ಬರುವುದೇ ಲೀಕೇಜ್. ನನ್ನದು 12 ಮೈಕ್ರೊಹೆನ್ರಿ ಇತ್ತು, ಅಂದರೆ ಪ್ರೈಮರಿಯ ಶೇ. 3. ಕೇಳಲು ಅಲ್ಪ. ಲೆಕ್ಕ ಹಾಕಿದರೆ ಅಷ್ಟರಿಂದಲೇ ಸ್ನಬ್ಬರಿನಲ್ಲಿ ಏಳೂವರೆ ವ್ಯಾಟ್!

ಪರಿಹಾರ ಸುತ್ತುವ ಕ್ರಮದಲ್ಲಿದೆ. ಪ್ರೈಮರಿಯನ್ನೆಲ್ಲ ಒಂದೇ ಸಲ ಸುತ್ತಿ ಮೇಲೆ ಸೆಕೆಂಡರಿ ಹಾಕಬೇಡಿ. ಅರ್ಧ ಪ್ರೈಮರಿ, ಅದರ ಮೇಲೆ ಸೆಕೆಂಡರಿ, ಮತ್ತೆ ಉಳಿದರ್ಧ ಪ್ರೈಮರಿ. ಪ್ರತಿ ಪದರವೂ ಬಾಬಿನ್ನಿನ ಅಗಲವನ್ನು ತುಂಬಲಿ, ಪ್ರೈಮರಿ–ಸೆಕೆಂಡರಿ ನಡುವೆ ಮೂರು ಸುತ್ತು ಪಾಲಿಯೆಸ್ಟರ್ ಟೇಪ್ ಇರಲೇಬೇಕು. ಜೀವ ಕಾಯುವುದು ಆ ಟೇಪು. ಹೀಗೆ ಮತ್ತೆ ಸುತ್ತಿದ ಮೇಲೆ ನನ್ನ ಲೀಕೇಜ್ 4 ಮೈಕ್ರೊಹೆನ್ರಿಗೆ ಇಳಿಯಿತು, ಸ್ನಬ್ಬರಿನ ಸೋರಿಕೆ ಎರಡೂವರೆ ವ್ಯಾಟಿಗೆ. ಸ್ನಬ್ಬರಿನ ಡಯೋಡ್ ಯುಎಫ್4007 ಅಥವಾ ಎಫ್‌ಆರ್107 ಆಗಿರಲಿ. ನೋಡಲು ಒಂದೇ ಥರ ಇರುವ 1ಎನ್4007 ಸಾಮಾನ್ಯ 50 ಹರ್ಟ್ಸಿನ ಕೆಲಸಕ್ಕೆ ಮಾಡಿದ್ದು.

ಟ್ರಾನ್ಸ್‌ಫಾರ್ಮರ್: ಕೋರ್ ಕಾದಿದೆಯೋ, ತಂತಿ ಕಾದಿದೆಯೋ

ಹಳೇ ಕಂಪ್ಯೂಟರ್ ಎಸ್‌ಎಂಪಿಎಸ್ ಒಡೆದು ಫೆರೈಟ್ ಕೋರ್ ತೆಗೆಯುವುದು ನಮ್ಮೆಲ್ಲರ ಪದ್ಧತಿ. ಅದರಲ್ಲಿ ತಪ್ಪಿಲ್ಲ. ಆದರೆ ಅಂಥ ಹಾಫ್ ಬ್ರಿಡ್ಜ್ ಟ್ರಾನ್ಸ್‌ಫಾರ್ಮರಿನ ಕೋರಿಗೆ ಗ್ಯಾಪ್ ಇರುವುದಿಲ್ಲ. ಫ್ಲೈಬ್ಯಾಕಿಗೆ ಗ್ಯಾಪೇ ಪ್ರಾಣ; ಶಕ್ತಿ ನಿಲ್ಲುವುದು ಆ ಗಾಳಿಯ ಸಂದಿಯಲ್ಲಿ. ನನ್ನ ಇಟಿಡಿ39 ಕೋರಿನ ಮೇಲೆ 44 ಸುತ್ತು ಪ್ರೈಮರಿ. ಗ್ಯಾಪ್ ಇಲ್ಲದೆ ಮುಚ್ಚಿದರೆ 0.4 ಆಂಪಿಯರ್ ಮುಟ್ಟುವಷ್ಟರಲ್ಲೇ ಕೋರ್ ಸ್ಯಾಚುರೇಟ್ ಆಗುತ್ತದೆ (ಇನ್ನು ಹೆಚ್ಚು ಕಾಂತತೆ ಹಿಡಿಯಲಾರದು), ಆಮೇಲೆ ಕರೆಂಟು ಕಟ್ಟೆ ಒಡೆದಂತೆ ನುಗ್ಗುತ್ತದೆ. ಆಗಲೂ ಸುಡುವುದು ಕೋರ್ ಅಲ್ಲ, ಪಾಪದ ಮಾಸ್‌ಫೆಟ್.

400 ಮೈಕ್ರೊಹೆನ್ರಿಗೆ ಇಳಿಯಲು ಈ ಕೋರಿಗೆ ಒಟ್ಟು 0.76 ಮಿಲಿಮೀಟರ್ ಗ್ಯಾಪ್ ಬೇಕು. ನಡುಗಾಲನ್ನು ಉಜ್ಜುವ ಬದಲು ಎರಡು ತುಂಡುಗಳ ನಡುವೆ ಹಾಳೆ ಇಡುವುದಾದರೆ ಕಾಂತಕ್ಷೇತ್ರ ಎರಡು ಕಡೆ ದಾಟುವುದರಿಂದ ಅರ್ಧ, ಅಂದರೆ 0.38 ಮಿಲಿಮೀಟರ್ ಸಾಕು. ನೂರು ಮೈಕ್ರಾನಿನ ಪ್ಲಾಸ್ಟಿಕ್ ಶೀಟಿನ ನಾಲ್ಕು ತುಂಡು ಹತ್ತಿರದ ಅಳತೆ. ಕೊನೆಯ ಮಾತು ಎಲ್‌ಸಿಆರ್ ಮೀಟರಿನದು: 400 ಬರುವ ತನಕ ಹಾಳೆ ಸೇರಿಸಿ, ತೆಗೆಯಿರಿ.

ಕೋರ್ ಹೊರಗಡೆ ಸಾಧಾರಣ ಬೆಚ್ಚಗಿದ್ದು ಸುತ್ತುಗಳ ಮಧ್ಯದಿಂದ ಬಿಸಿ ಬರುತ್ತಿದ್ದರೆ ತಂತಿಯ ತಪ್ಪು. ನಮ್ಮೂರಲ್ಲಿ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಅಂಗಡಿಗಳಿಗೆ ಕೊರತೆಯಿಲ್ಲ. ನಾನೂ ಅಲ್ಲಿಂದ 18 ಗೇಜಿನ ದಪ್ಪ ತಂತಿ ತಂದು ಸೆಕೆಂಡರಿಗೆ ಹತ್ತು ಸುತ್ತು ಹಾಕಿದ್ದೆ. ದಪ್ಪಗಿದ್ದಷ್ಟೂ ತಂಪು ಎಂಬುದು 50 ಹರ್ಟ್ಸಿನ ಮೋಟಾರಿಗೆ ನಿಜ. 70 ಕಿಲೋಹರ್ಟ್ಸಿನಲ್ಲಿ ಕರೆಂಟು ತಾಮ್ರದ ಹೊರಗಿನ ಕಾಲು ಮಿಲಿಮೀಟರಿನಲ್ಲೇ ಹೆಚ್ಚಾಗಿ ಹರಿಯುತ್ತದೆ. 1.2 ಮಿಲಿಮೀಟರ್ ದಪ್ಪದ ತಂತಿಯ ಒಡಲು ಸುಮ್ಮನೆ ಜಾಗ ತಿನ್ನುತ್ತದೆ. ಅದರ ಬದಲು 30 ಗೇಜಿನ 15 ಎಳೆಗಳನ್ನು ಡ್ರಿಲ್ಲಿಗೆ ಸಿಕ್ಕಿಸಿ ಹಗುರವಾಗಿ ಹೊಸೆದುಕೊಳ್ಳಿ. ತಾಮ್ರ ಅಷ್ಟೇ, ಬಿಸಿ ಎಷ್ಟೋ ಕಡಿಮೆ. ಎರಡೂ ತುದಿಯಲ್ಲಿ ಪ್ರತಿ ಎಳೆಯ ಎನಾಮಲ್ ಹೋಗಿ ಬೆಸುಗೆ ಹಿಡಿದಿದೆಯೇ ಎಂದು ನೋಡುವ ತಾಳ್ಮೆ ಮಾತ್ರ ಬೇಕು. ನಡುಗಾಲಿನಲ್ಲಿ ಗ್ಯಾಪ್ ಇದ್ದರೆ ಅದರ ಬಾಯಿಗೆ ತೀರ ಹತ್ತಿರವಿರುವ ಸುತ್ತುಗಳೂ ಕಾಯುತ್ತವೆ. ಬಾಬಿನ್ನಿನ ಮೇಲೆ ಒಂದೆರಡು ಪದರ ಟೇಪ್ ಸುತ್ತಿ ದೂರವಿಡಿ.

ಟ್ರಾನ್ಸ್‌ಫಾರ್ಮರ್ 80–90 ಡಿಗ್ರಿ ಇದ್ದರೆ ಗಾಬರಿ ಬೇಡ. ಪವರ್ ಫೆರೈಟುಗಳನ್ನು ಆ ಉಷ್ಣತೆಯಲ್ಲೇ ಕಡಿಮೆ ನಷ್ಟವಾಗುವಂತೆ ಮಾಡಿರುತ್ತಾರೆ. 100 ದಾಟಿ ಏರುತ್ತಲೇ ಹೋದರೆ ನಷ್ಟವೂ ಏರಿ, ಬಿಸಿ ಬಿಸಿಯನ್ನೇ ಹೆಚ್ಚಿಸುತ್ತದೆ.

ಔಟ್‌ಪುಟ್ ಡಯೋಡ್ ಮತ್ತು ಕೆಪ್ಯಾಸಿಟರ್

ಡಯೋಡಿನ ಬಿಸಿ ನ್ಯಾಯವಾದದ್ದೇ. 4 ಆಂಪಿಯರಿಗೆ 0.8 ವೋಲ್ಟ್ ಬಿದ್ದರೆ 3.2 ವ್ಯಾಟ್. ಇಂಥ ಡಯೋಡ್, ಮಾಸ್‌ಫೆಟ್ಟುಗಳು ಬರುವ ಟಿಒ-220 ಪ್ಯಾಕೇಜು ಹೀಟ್‌ಸಿಂಕ್ ಇಲ್ಲದೆ ಪ್ರತಿ ವ್ಯಾಟಿಗೆ ಸುಮಾರು 62 ಡಿಗ್ರಿ ಏರುತ್ತದೆ. ಒಂದು ವ್ಯಾಟ್ ದಾಟಿದ ಯಾವುದಕ್ಕೂ ಹೀಟ್‌ಸಿಂಕ್ ಬೇಕು ಎಂದು ನಾನು ಹೇಳುವುದು ಇದಕ್ಕೇ. ಡಯೋಡಿನ ವೋಲ್ಟೇಜನ್ನೂ ಲೆಕ್ಕ ಹಾಕಿ: ಲೈನ್ 260 ಇರುವಾಗ 368 ವೋಲ್ಟನ್ನು ಸುತ್ತಿನ ಅನುಪಾತ 4.4ರಿಂದ ಭಾಗಿಸಿ 24 ಸೇರಿಸಿದರೆ 108 ವೋಲ್ಟ್, ಅದರ ಮೇಲೆ ಸ್ಪೈಕ್ ಬೇರೆ. 100 ವೋಲ್ಟಿನ ಶಾಟ್ಕಿ ಎಂಬಿಆರ್20100 ಇಲ್ಲಿ ಕಾಯುವುದೂ ಖಚಿತ, ಒಂದು ದಿನ ಶಾರ್ಟ್ ಆಗುವುದೂ ಖಚಿತ. ಎಂಬಿಆರ್20200 ಹಾಕಿ.

ಕೆಪ್ಯಾಸಿಟರನ್ನು ಬಹಳ ಜನ ಅನುಮಾನಿಸುವುದೇ ಇಲ್ಲ. ಫ್ಲೈಬ್ಯಾಕಿನಲ್ಲಿ ಕರೆಂಟು ಸೆಕೆಂಡರಿಯಿಂದ ಹೊಡೆತ ಹೊಡೆತವಾಗಿ ಬರುತ್ತದೆ. 4 ಆಂಪಿಯರ್ ಡಿಸಿ ಕೊಡುವಾಗ ನನ್ನ ಕೆಪ್ಯಾಸಿಟರಿನೊಳಗೆ ಓಡಾಡುವ ರಿಪಲ್ ಕರೆಂಟು 4.6 ಆಂಪಿಯರ್, ಲೋಡಿಗಿಂತ ಹೆಚ್ಚು! ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್) 0.1 ಓಮ್ ಇರುವ ಸಾಧಾರಣ 1000 ಮೈಕ್ರೊಫ್ಯಾರಡ್ ಒಂದೇ ಇದ್ದರೆ ಅದರ ಹೊಟ್ಟೆಯಲ್ಲಿ ಎರಡು ವ್ಯಾಟ್ ಸುಡುತ್ತದೆ. ಡಬ್ಬಿಯಿಂದ ಬರುತ್ತಿದ್ದ ವಾಸನೆ ಅದರದ್ದೇ, ತಲೆ ಉಬ್ಬಿತ್ತು. ಕಡಿಮೆ ಇಎಸ್‌ಆರ್‌ನ, 105 ಡಿಗ್ರಿಯ ಮೂರು ಕೆಪ್ಯಾಸಿಟರುಗಳನ್ನು ಪ್ಯಾರಲಲ್ ಹಾಕಿದೆ. 10 ಡಿಗ್ರಿ ತಂಪಾದರೆ ಎಲೆಕ್ಟ್ರೊಲಿಟಿಕ್ಕಿನ ಆಯುಷ್ಯ ದುಪ್ಪಟ್ಟು: 105 ಡಿಗ್ರಿಯಲ್ಲಿ 2000 ಗಂಟೆಯದು 85ರಲ್ಲಿ 8000 ಗಂಟೆ ಬಾಳುತ್ತದೆ. ಹೀಟ್‌ಸಿಂಕಿಗೆ ಒರಗಿಸಿ ಕೂರಿಸಿದ ಕೆಪ್ಯಾಸಿಟರನ್ನು ಒಂದು ಬೆರಳು ದೂರ ಸರಿಸುವುದೂ ರಿಪೇರಿಯೇ.

ಇನ್‌ರಶ್, ಅಂದರೆ ಚಾಲೂ ಮಾಡಿದ ಕ್ಷಣ ನುಗ್ಗುವ ಕರೆಂಟನ್ನು ತಡೆಯುವ ಎನ್‌ಟಿಸಿ (ಕಾದಷ್ಟೂ ರೆಸಿಸ್ಟೆನ್ಸ್ ಇಳಿಯುವ ಭಾಗ) ಮಾತ್ರ ಬಿಸಿಯಾಗಿದ್ದರೇ ಸರಿ. ನೂರು ಡಿಗ್ರಿ ಇದ್ದರೂ ಅದು ದೋಷವಲ್ಲ. ಕಾಲು ಉದ್ದ ಬಿಟ್ಟು ಬೋರ್ಡಿನಿಂದ ಎತ್ತರಿಸಿ. ಬ್ರಿಡ್ಜ್ ರೆಕ್ಟಿಫೈಯರಿನಲ್ಲಿ ಒಂದು ವ್ಯಾಟ್ ಕೂಡ ಹೋಗುವುದಿಲ್ಲ, ಸುಡುತ್ತಿದ್ದರೆ ಬದಲಿಸಿ.

ಹೀಟ್‌ಸಿಂಕ್ ಕೊನೆಗೆ

ಸೋರಿಕೆಗಳೆಲ್ಲ ನಿಂತ ಮೇಲೆ ಹೀಟ್‌ಸಿಂಕಿನ ಸರದಿ. ಪೇಸ್ಟ್ ತೆಳ್ಳಗೆ, ದೋಸೆ ಕಾವಲಿಗೆ ಬೆಣ್ಣೆ ಸವರಿದ ಹಾಗಲ್ಲ, ಈರುಳ್ಳಿಯಿಂದ ಎಣ್ಣೆ ಒರೆಸಿದ ಹಾಗೆ. ಮೈಕಾ ಶೀಟಿನ ಎರಡೂ ಮುಖಕ್ಕೆ ಹಚ್ಚಿ. ಬುಶ್ ಹಾಕಿ ಸ್ಕ್ರೂ ಬಿಗಿ ಮಾಡಿದ ಮೇಲೆ ಡ್ರೇನಿಗೂ ಹೀಟ್‌ಸಿಂಕಿಗೂ ಸಂಪರ್ಕವಿಲ್ಲ ಎಂದು ಮೀಟರಿನಲ್ಲಿ ನೋಡಿ. ರೆಕ್ಕೆಗಳು ಲಂಬವಾಗಿ ನಿಲ್ಲಲಿ. ಡಬ್ಬಿಗೆ ಕೆಳಗೂ ಮೇಲೂ ತೂತುಗಳಿರಲಿ, ಬಿಸಿ ಗಾಳಿ ತಾನಾಗಿ ಏರಿಹೋಗುತ್ತದೆ. ಭಟ್ಟಿಯಂಥ ಜಾಗದಲ್ಲಿ ನಾನು ಫ್ಯಾನ್ ತೆಗೆದೇಬಿಟ್ಟೆ: ಆ ಮಸಿ, ದೂಳನ್ನೆಲ್ಲ ಒಳಗೆ ಎಳೆದು ಬೋರ್ಡಿನ ಮೇಲೆ ಹಾಸಿದ್ದೇ ಅದು. ಪ್ರೈಮರಿ ಕಡೆ ಮಸಿಯ ಪದರ ಕೂತು ತೇವ ಹೀರಿದರೆ ಕರೆಂಟಿಗೆ ಅದೇ ದಾರಿಯಾಗುತ್ತದೆ.

ಮುಚ್ಚಿದ ಡಬ್ಬಿಯ ಪರೀಕ್ಷೆ

ಥರ್ಮೊಕಪಲ್ ತಂತಿಗಳನ್ನು ಮಾಸ್‌ಫೆಟ್, ಡಯೋಡ್, ಟ್ರಾನ್ಸ್‌ಫಾರ್ಮರ್, ಔಟ್‌ಪುಟ್ ಕೆಪ್ಯಾಸಿಟರಿಗೆ ಟೇಪಿನಿಂದ ಕಟ್ಟಿ ಮುಚ್ಚಳ ಹಾಕಿ. ಪೂರ್ತಿ ಲೋಡಿನಲ್ಲಿ ಎರಡು ಗಂಟೆ ಓಡಿಸಿ. ಲೈನ್ ವೋಲ್ಟೇಜ್ ಏರಿಸಿ ಇಳಿಸುವ ವೇರಿಯಾಕ್ ಸಿಕ್ಕರೆ 180, 230, 260 ವೋಲ್ಟ್ ಮೂರರಲ್ಲೂ ನೋಡಬೇಕು. ಲೈನ್ ಇಳಿದಾಗ ಒಳಗೆ ಕರೆಂಟು ಹೆಚ್ಚಿ ಬ್ರಿಡ್ಜ್, ಎನ್‌ಟಿಸಿ ಕಾಯುತ್ತವೆ. ಏರಿದಾಗ ಮಾಸ್‌ಫೆಟ್ಟಿಗೆ ವೋಲ್ಟೇಜಿನ ಹೊಡೆತ. ಪ್ರತಿ ಭಾಗದ ಏರಿಕೆಗೆ ನಿಮ್ಮ ಊರಿನ ಏಪ್ರಿಲ್ ಮಧ್ಯಾಹ್ನವನ್ನು ಕೂಡಿಸಿ ನೋಡಿ. ಮಾಸ್‌ಫೆಟ್ ಮತ್ತು ಡಯೋಡಿನ ಬೆನ್ನು 100, ಕೆಪ್ಯಾಸಿಟರ್ 85ರೊಳಗೆ ನಿಂತರೆ ನಾನು ಡಬ್ಬಿ ಕಳಿಸುತ್ತೇನೆ.

ಆ ಭಟ್ಟಿಯ ಡಬ್ಬಿ ಈಗ 96 ವ್ಯಾಟಿಗೆ 112 ಎಳೆಯುತ್ತದೆ. ಮೊದಲಿನ ದೊಡ್ಡ ಹೀಟ್‌ಸಿಂಕ್ ತೆಗೆದು ಅದರ ಅರ್ಧದಷ್ಟರದ್ದು ಹಾಕಿದ್ದೇನೆ. ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿ ತಾರೀಖು, ಕೋಣೆಯ ಉಷ್ಣತೆ, ನಾಲ್ಕು ಭಾಗಗಳ ಏರಿಕೆ ಬರೆದಿದ್ದೇನೆ. ಮುಂದಿನ ವರ್ಷ ಅದನ್ನು ಬಿಚ್ಚುವವರು ನಾನಲ್ಲದಿದ್ದರೂ ಮತ್ತೆ ಅಳೆದು ಆ ಅಂಕಿಗಳ ಜೊತೆ ಹೋಲಿಸಿ ನೋಡಬಹುದು.